ಇಪ್ಪತ್ತನಾಲ್ಕು ಗಂಟೆ ಐವತ್ತು ನಿಮಿಷ

ಬರಿಗಣ್ಣಿಗೆ ಕಾಣದ ಜೀವಿಗಳ ದಿನಚರಿಯನ್ನು ಮೂರು ದಶಕಗಳ ಕಾಲ ಬಿಡದೆ ಅಭ್ಯಾಸ ಮಾಡಿ, ಶಿವಮೊಗ್ಗ ಸೀಮೆಯ ವಿದ್ಯಾರ್ಥಿಗಳಿಗೆ ಸೂಕ್ಷ್ಮಜೀವಿಗಳ ಲೋಕವನ್ನು ತೆರೆದು ತೋರಿಸಿದ ಪ್ರೊ. ಸತ್ಯಭಾಮಾ ಅವರು ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಇಂಥ ಸಂದರ್ಭದಲ್ಲಿ ಸೌಮ್ಯ ಸ್ವಭಾವ, ಸರಳ ಸಜ್ಜನಿಕೆ ಎಂದೆಲ್ಲ ಬರೆಯುವುದು ವಾಡಿಕೆ. ಮೇಡಂ ಸೌಮ್ಯರಲ್ಲ. ಸಿಟ್ಟು ಅವರ ಮೂಗಿನ ತುದಿಯಲ್ಲೇ ಇರುತ್ತದೆ, ಆ ಸಿಟ್ಟು ಎಷ್ಟು ನ್ಯಾಯವಾದದ್ದು ಎಂದು ಹೇಳುವುದಕ್ಕೇ ಈ ಬರಹ.

ಶಿವಮೊಗ್ಗದ ವಿದ್ಯಾನಗರದ ಕಾಲೇಜಿಗೆ ಸಸ್ಯಶಾಸ್ತ್ರದ ಅಧ್ಯಾಪಕಿಯಾಗಿ ಸೇರಿದ ಅವರು ಹಿಡಿದ ವಿಷಯ ಸಯನೋಬ್ಯಾಕ್ಟೀರಿಯಾ, ಅಂದರೆ ಕೆರೆಯ ನೀರನ್ನು ಹಸಿರಾಗಿಸುವ, ಬಿಸಿಲುಂಡು ಬದುಕುವ ಪುಟಾಣಿ ಜೀವಿ. ದಿನಕ್ಕೆ ಎರಡು ಮೂರು ಸಲ ಒಡೆದು ಎರಡಾಗುವ ಇದಕ್ಕೆ ಇಡೀ ದಿನವನ್ನು ಅಳೆಯುವ ಗಡಿಯಾರ ಯಾತಕ್ಕೆ ಎಂದು ಒಂದು ಕಾಲಕ್ಕೆ ತಿಳಿದವರೇ ನಕ್ಕಿದ್ದುಂಟು. ಆದರೆ ಗಡಿಯಾರ ಇದೆ. ಕೈ-ಎ, ಕೈ-ಬಿ, ಕೈ-ಸಿ ಎಂಬ ಮೂರು ಪ್ರೋಟೀನುಗಳೇ ಅದರ ಯಂತ್ರ. ಎ ಹುರಿದುಂಬಿಸಿದಂತೆಲ್ಲ ಸಿ ತನ್ನ ಮೈಗೆ ಫಾಸ್ಫೇಟ್ ಅಂಟಿಸಿಕೊಳ್ಳುತ್ತದೆ. ಮೈತುಂಬಿದ ಮೇಲೆ ಬಿ ಬಂದು ಅದಕ್ಕೆ ಅಂಟಿ, ಎ-ಯನ್ನು ಕಟ್ಟಿಹಾಕುತ್ತದೆ. ಆಗ ಸಿ ಒಂದೊಂದಾಗಿ ಫಾಸ್ಫೇಟ್ ಕಳಚುತ್ತದೆ, ಕೊನೆಗೆ ಬಿ ಬಿಟ್ಟುಹೋಗಿ ಸುತ್ತು ಮತ್ತೆ ಮೊದಲಾಗುತ್ತದೆ. ಕೋಶ ಒಡೆದರೂ ಗಡಿಯಾರ ನಿಲ್ಲದೆ ಮರಿಕೋಶಗಳಿಗೆ ದಾಟುತ್ತದೆ. ಒಂದು ಸುತ್ತಿಗೆ ಸುಮಾರು ಒಂದು ದಿನ ಹಿಡಿಯುತ್ತದೆ. ಸುಮಾರು, ಅಷ್ಟೇ. ಅದನ್ನು ದಿನವೂ ಸರಿಪಡಿಸುವುದು ಹಗಲು ಮತ್ತು ಕತ್ತಲೆ. ಸದಾ ಬೆಳಕಿನಲ್ಲೇ ಇಟ್ಟರೆ ತನ್ನ ಪಾಡಿಗೆ ತಾನು ನಡೆದು, ದಿನಕ್ಕೊಂದಿಷ್ಟು ಜಾರಲೇಬೇಕು.

ಹನ್ನೊಂದು ವರ್ಷಗಳ ಹಿಂದೆ ಮೇಡಂ ಈ ಜಾರುವಿಕೆಯನ್ನು ಅಳೆಯಲು ಹೊರಟರು. ಗಡಿಯಾರಕ್ಕೆ ತಕ್ಕಂತೆ ಮಿನುಗುವ ತಳಿಯೊಂದನ್ನು ತರಿಸಿ, ದೀಪ ಆರದ ಕೋಣೆಯಲ್ಲಿಟ್ಟು, ಬ್ಯಾಟರಿಯಿಂದ ನಡೆಯುವ ಯಂತ್ರದಲ್ಲಿ ಆ ಮಿನುಗನ್ನು ದಾಖಲಿಸಿದರು. ಗೆರೆ ಅಲೆಯಾಗಿ ಬಂತು. ಪ್ರತಿ ಸುತ್ತಿಗೂ ಸರಿಯಾಗಿ ಇಪ್ಪತ್ತನಾಲ್ಕು ಗಂಟೆ, ಹದಿನೆಂಟು ದಿನವೂ ಹಾಗೆಯೇ. ಪ್ರಬಂಧ ಸಮ್ಮೇಳನಕ್ಕೆ ಹೋಯಿತು, ಪ್ರಾಂಶುಪಾಲ ಉಮಾಮಹೇಶ್ವರ ಅವರು ಪತ್ರಿಕೆಯವರನ್ನು ಕರೆಸಿ ಫೋಟೋ ತೆಗೆಸಿಕೊಂಡರು. ಎಲ್ಲರೂ ಸಿಹಿ ತಿನ್ನುತ್ತಿದ್ದಾಗ ಮೇಡಂ ಮಾತ್ರ ಆ ಗೆರೆಯನ್ನೇ ನೋಡುತ್ತಾ ಕೂತಿದ್ದರು. ಸದಾ ಬೆಳಕಿನಲ್ಲಿಟ್ಟರೂ ಅದು ಒಂದು ನಿಮಿಷವೂ ಜಾರಿರಲಿಲ್ಲ.

ಮರುದಿನ ಬೆಳಗಿನ ಐದೂವರೆಗೇ ಕಾಲೇಜಿಗೆ ಹೋದರು. ಕೋಣೆ ಕತ್ತಲೆಯಾಗಿತ್ತು. ಸ್ವಲ್ಪ ಹೊತ್ತಿಗೆ ಅಟೆಂಡರ್ ಪುಟ್ಟಯ್ಯ ಬಂದು ಸ್ವಿಚ್ ಹಾಕಿದವರು, ಮೇಡಮ್ಮನ್ನು ಕಂಡು ಕೇಳುವ ಮೊದಲೇ ಹೇಳಿದರು:

"ಪ್ರಿನ್ಸಿಪಾಲ್ ಸಾಹೇಬ್ರ ಸರ್ಕ್ಯುಲರ್ ಮೇಡಂ, ಸಂಜೆ ಬೀಗ ಹಾಕೋವಾಗ ಎಲ್ಲಾ ಲೈಟೂ ಆರಿಸ್ಬೇಕು ಅಂತ. ನೀವು ಬಯ್ತೀರಲ್ಲ, ಅದ್ಕೆ ನೀವು ಬರೋದ್ರೊಳಗೆ ಹಾಕಿಡ್ತಿದ್ದೆ."

ಎಷ್ಟೋ ದಿನಗಳಿಂದ ಆ ಜೀವಿಗಳಿಗೆ ಪುಟ್ಟಯ್ಯನವರೇ ಸೂರ್ಯನಾಗಿದ್ದರು. ಮೇಡಂ ಅವರನ್ನು ಬಯ್ಯಲಿಲ್ಲ. "ನಿಮ್ಮ ತಪ್ಪಲ್ಲ ಪುಟ್ಟಯ್ಯ. ನಿಮ್ಮನ್ನ ಕೂರಿಸ್ಕೊಂಡು ಯಾಕೆ ಅಂತ ಹೇಳ್ಬೇಕಿತ್ತು ನಾನು" ಎಂದರು.

ಪ್ರಾಂಶುಪಾಲರ ಬಳಿ ಹೋಗಿ ಪ್ರಬಂಧ ಹಿಂಪಡೆಯುತ್ತೇನೆ ಎಂದಾಗ ಅವರು ಹೇಳಿದ್ದು ಇಷ್ಟು: "ಅಲ್ಲ ಮಾರಾಯ್ರೇ, ಪೇಪರ್‌ನಲ್ಲಿ ಬಂದಾಯ್ತು. ಇಪ್ಪತ್ನಾಲ್ಕು ಚೆನ್ನಾಗೇ ಇದೆಯಲ್ಲ. ಪಾಚಿ ಬಂದು ಸಾಕ್ಷಿ ಹೇಳುತ್ತಾ? ಸುಮ್ನಿರಿ. ಇಲ್ಲಾಂದ್ರೆ ಆ ಅಟೆಂಡರ್‌ನ ಸಸ್ಪೆಂಡ್ ಮಾಡ್ಬೇಕಾಗುತ್ತೆ."

ಎಂಥ ನಾಚಿಕೆಗೇಡು! ಸುತ್ತೋಲೆ ಹೊರಡಿಸಿದ್ದು ತಾವು, ಶಿಕ್ಷೆ ಮಾತ್ರ ಪುಟ್ಟಯ್ಯನಿಗೆ. ಅದೇ ಮಧ್ಯಾಹ್ನ ಮೇಡಂ ಸಮ್ಮೇಳನಕ್ಕೆ ಪತ್ರ ಬರೆದು, ಇಡೀ ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡು ಪ್ರಬಂಧ ವಾಪಸು ಪಡೆದರು. ಪುಟ್ಟಯ್ಯನವರ ಕೆಲಸ ಉಳಿಯಿತು. ತಿಂಗಳೊಳಗೆ ಮೇಡಮ್ಮನ್ನು "ಸೇವೆಯ ಹಿತದೃಷ್ಟಿಯಿಂದ" ಭದ್ರಾವತಿಯ ಶಾಖೆಗೆ ಎತ್ತಿಹಾಕಲಾಯಿತು. ಅಲ್ಲಿ ಪ್ರಯೋಗಾಲಯವೇ ಇರಲಿಲ್ಲ. ಬೀಳ್ಕೊಡುಗೆ ಇರಲಿ, ಆ ಜೀವಿಗಳಿದ್ದ ಬಾಟಲಿಗಳನ್ನು ಬಸ್ಸಿಗೆ ಹತ್ತಿಸಲೂ ಒಬ್ಬ ಸಹೋದ್ಯೋಗಿ ಬರಲಿಲ್ಲ. ಮಡಿಲಲ್ಲಿಟ್ಟುಕೊಂಡೇ ಕೊಂಡೊಯ್ದರು.

ಭದ್ರಾವತಿಯ ಕಾಗದ ಕಾರ್ಖಾನೆಯ ಬಡಾವಣೆಯಾದ ಪೇಪರ್ ಟೌನಿನಿಂದ ಆ ಕಾಲೇಜಿಗೆ ಬರುತ್ತಿದ್ದ ಶರಣ್ಯಾ, ಅಂದರೆ ಈ ಲೇಖನ ಬರೆಯುತ್ತಿರುವವಳು, ಅವರನ್ನು ಕಂಡದ್ದು ಹಳೆ ಬೆಂಚು ತುಂಬಿದ ಸ್ಟೋರ್ ರೂಮಿನಲ್ಲಿ. ಮೇಡಂ ತಮ್ಮ ಸ್ವಂತ ಮೈಕ್ರೋಸ್ಕೋಪನ್ನು ಅವಳ ಕೈಗಿತ್ತು, "ಮನೆಗೆ ತಗೊಂಡ್ಹೋಗಿ ನೋಡು. ಒಡೆದ್ರೆ ಕಾಲು ಮುರೀತೀನಿ" ಎಂದರು. ಅವರ ಪ್ರೀತಿಯ ಭಾಷೆ ಅದೇ. ಅವರು ಯಂತ್ರಕ್ಕಾಗಿ ನಾಲ್ಕು ವರ್ಷ ಕಾದು, ಅದೇ ಸ್ಟೋರ್ ರೂಮಿನಲ್ಲಿ ಪ್ರಯೋಗವನ್ನು ಮತ್ತೆ ಹೂಡಿ, ವಿದ್ಯಾರ್ಥಿಗಳು ಸರದಿಯಲ್ಲಿ ಸ್ವಿಚ್ಚಿನ ಪಕ್ಕ ಕಾವಲು ಕೂತಾಗ ಬಂದ ಉತ್ತರ ಇಪ್ಪತ್ತನಾಲ್ಕು ಗಂಟೆ ಐವತ್ತು ನಿಮಿಷ. ಹತ್ತು ದಿನಕ್ಕೆ ಗೆರೆ ಎಂಟು ಗಂಟೆಗೂ ಮೀರಿ ಜಾರಿತ್ತು. ಮೇಡಂ ಸ್ಟೂಲಿನ ಮೇಲೆ ಕೂತು ಅತ್ತರು.

ಈಗ, ಅಂದು ಅವರನ್ನು ಎತ್ತಿಹಾಕಿದ ಕಾಲೇಜಿನ ಅದೇ ಆಡಳಿತ ಮಂಡಳಿ ಅವರಿಗೆ ಅಭಿನಂದನ ಗ್ರಂಥ ತರುತ್ತಿದೆ. ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾದ ಸಾಲು: "ಸಯನೋಬ್ಯಾಕ್ಟೀರಿಯಾದ ಗಡಿಯಾರ ಕರಾರುವಾಕ್ಕಾಗಿ ಇಪ್ಪತ್ತನಾಲ್ಕು ಗಂಟೆ ಎಂದು ಲೋಕಕ್ಕೆ ತೋರಿದವರು." ಯಾವ ಸುಳ್ಳನ್ನು ಒಪ್ಪದಿದ್ದಕ್ಕೆ ಊರು ಬಿಡಿಸಿದರೋ ಅದನ್ನೇ ಹಾರ ಮಾಡಿ ಕೊರಳಿಗೆ ಹಾಕಲು ಹೊರಟಿದ್ದಾರೆ. ಗ್ರಂಥದ ಸಂಪಾದಕ ಮಧುಸೂದನ ಅವರು ಲೇಖಕರಿಗೆಲ್ಲ "ಅಹಿತಕರ ಹಳೆಯ ವಿಷಯಗಳು ಬೇಡ" ಎಂದೂ ಬರೆದಿದ್ದಾರೆ. ಆಮಂತ್ರಣ ಕಂಡ ದಿನ ಮೇಡಂ ಶರಣ್ಯಾಗೆ ಫೋನ್ ಮಾಡಿದರು.

"ಹೊಗಳಿಕೆ ಗಿಗಳಿಕೆ ಬೇಡ ಕಣೇ. ಲೈಟ್ ಆರಿದ್ದನ್ನ ಬರಿ. ಐವತ್ತು ನಿಮಿಷ ಬರಿ. ಅದು ಪುಸ್ತಕದಲ್ಲಿಲ್ಲ ಅಂದ್ರೆ ನಾನು ಸ್ಟೇಜ್ ಹತ್ತಲ್ಲ."

ಬರೆದದ್ದಾಯಿತು. ಸತ್ಯಭಾಮಾ ಮೇಡಂ ನೂರು ವರ್ಷ ಆರೋಗ್ಯದಿಂದ ಬಾಳಲಿ, ಮನೆಯ ಕಿಟಕಿಯಲ್ಲಾದರೂ ಅವರ ಬಾಟಲಿಗಳು ಹಸಿರಾಗಿರಲಿ, ಸುಳ್ಳು ಕಂಡಲ್ಲಿ ಅವರ ದನಿ ಏರುತ್ತಲೇ ಇರಲಿ. ಈ ಪುಟ ನಿಮ್ಮ ಕೈಯಲ್ಲಿದ್ದರೆ ಅವರು ಇಂದು ವೇದಿಕೆಯ ಮೇಲಿದ್ದಾರೆ. ಇಲ್ಲವಾದರೆ ಮಂಡಳಿಯವರು ತಾವು ತಂದ ಶಾಲನ್ನು ಖಾಲಿ ಕುರ್ಚಿಗೆ ಹೊದಿಸಲಿ.