ಹೋಮ್ ಪ್ಲೇಟಿಗೆ ಕುಂಕುಮ ಹಚ್ಚಿದವಳು

ಕೊಪ್ಪಳದ ಯಾವ ಬಳೆ ಅಂಗಡಿಯಲ್ಲೂ ನಮ್ಮ ಕ್ಯಾಪ್ಟನ್ ಅಕ್ಕನ ಕೈಗೆ ಹಿಡಿಸುವ ಬಳೆ ಸಿಗುತ್ತಿರಲಿಲ್ಲ. ಭಾಗ್ಯನಗರದ ಅವರ ಮನೆಯಲ್ಲಿ ನೇಕಾರರಿಗಾಗಿ ನೂಲಿಗೆ ಬಣ್ಣ ಹಾಕುತ್ತಿದ್ದರು. ಒದ್ದೆ ನೂಲಿನ ಲಡಿಗಳನ್ನು ಹಿಂಡಿ ಹಿಂಡಿ ಆಕೆಗೆ ಗಂಡಸರಿಗೂ ಇಲ್ಲದಂಥ ದಪ್ಪ ಕೈ ಬಂದಿತ್ತು. ನಿನಗೆ ಬಳೆಯಲ್ಲ, ಬಂಡಿ ಗಾಲಿಯ ಪಟ್ಟಾ ಬೇಕು ಎಂದು ಬಳೆಗಾರ ತಮಾಷೆ ಮಾಡಿದರೆ, ಅವನಿಗಿಂತ ಜೋರಾಗಿ ಆಕೆಯೇ ನಗುತ್ತಿದ್ದಳು.

ಅದೇ ಕೈಯಲ್ಲಿ ಆಕೆ ಸಾಫ್ಟ್‌ಬಾಲ್ ಹೊಡೆಯುತ್ತಿದ್ದಳು. ಬೇಸ್‌ಬಾಲಿನ ತಂಗಿಯಂಥ ಆಟ ಇದು. ಚೆಂಡು ಹೊಡೆದು, ಬ್ಯಾಟು ಬಿಟ್ಟು, ಮೂರು ಬೇಸ್ ಮುಟ್ಟುತ್ತ ಓಡಿ, ಹೊರಟ ಜಾಗಕ್ಕೇ ಮರಳಿ ಅಲ್ಲಿರುವ ಬಿಳಿ ರಬ್ಬರಿನ ಹಲಗೆ ಮುಟ್ಟಿದರೆ ಒಂದು ರನ್. ಆ ಹಲಗೆಯೇ ಹೋಮ್ ಪ್ಲೇಟ್. ನಮ್ಮೂರಿನ ಜನ ಮೊದಮೊದಲು ಇದನ್ನು ನೋಡಿ, ಪಾಪ, ಈ ಹುಡುಗಿಯರಿಗೆ ಕ್ರಿಕೆಟ್ ಸರಿಯಾಗಿ ಬರುವುದಿಲ್ಲ ಅಂದುಕೊಳ್ಳುತ್ತಿದ್ದರು.

ನಮ್ಮ ಕಡೆ ಟ್ರ್ಯಾಕ್ಟರಿನಿಂದ ಹೊಲಿಗೆ ಮಷಿನ್‌ವರೆಗೆ ಎಲ್ಲಕ್ಕೂ ಪೂಜೆ ನಡೆಯುತ್ತದೆ. ಅಕ್ಕನೂ ನಮ್ಮ ಬ್ಯಾಟಿಂಗ್ ಸರದಿ ಬಂದಾಗಲೆಲ್ಲ ಹೋಮ್ ಪ್ಲೇಟ್ ಒರೆಸಿ, ನಡುವೆ ಕುಂಕುಮ ಹಚ್ಚುತ್ತಿದ್ದಳು. ಓಡಿಬಂದವಳು ಅದನ್ನು ತುಳಿಯುತ್ತಾಳೋ ಇಲ್ಲವೋ ಎಂದು ಯಾರೂ ಗಮನಿಸಿರಲಿಲ್ಲ, ಹಾಗಾಗಿ ಅಲ್ಲಿಯವರೆಗೆ ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ.

ಆಗಿದ್ದು ವಿಭಾಗ ಮಟ್ಟದ ಫೈನಲಿನಲ್ಲಿ. ಮೂರು ಪಂದ್ಯಗಳ ಸರಣಿ, ನಮ್ಮದೇ ಊರಿನ ಮೈದಾನ. ಗೆದ್ದರೆ ಇಡೀ ತಂಡ ರಾಜ್ಯ ಮಟ್ಟಕ್ಕೆ. ಸೋತರೆ ಅಕ್ಕನ ಆಟ ಅಲ್ಲಿಗೇ ಮುಗಿಯಿತು, ಕಾಲೇಜಿನಲ್ಲಿ ಅದು ಆಕೆಯ ಕೊನೆಯ ವರ್ಷ. ಮೊದಲ ಪಂದ್ಯದಲ್ಲಿ ಚೆಂಡನ್ನು ಬೇಲಿಯಾಚೆ ಅಟ್ಟಿ, ಆರಾಮಾಗಿ ಓಡಿಬಂದ ಅಕ್ಕ ಹಲಗೆಯ ಹತ್ತಿರ ಬಂದವಳೇ ಹೊಸ್ತಿಲು ದಾಟಿದಂತೆ ಅದನ್ನು ದಾಟಿಬಿಟ್ಟಳು. ಕಾಲು ತಾಗಲಿಲ್ಲ. ಎದುರಾಳಿಗಳು ಕೈ ಎತ್ತಿದರು, ಅಂಪೈರು ಔಟ್ ಕೊಟ್ಟರು, ನಾವು ಒಂದು ರನ್ನಿನಿಂದ ಸೋತೆವು.

ತರಬೇತುದಾರ ಸರ್ ತಲೆ ಮೇಲೆ ಕೈಹೊತ್ತು ಕುಳಿತರು. ಯಾಕೆ ತುಳಿಯಲಿಲ್ಲ ಎಂದು ಕೇಳಿದ್ದಕ್ಕೆ ಅಕ್ಕ, "ನಾನ ಕುಂಕುಮ ಹಚ್ಚೀನ್ರಿ ಸರ್. ಹೆಂಗ ತುಳೀಲಿ?" ಎಂದಳು. ಹಾಗಾದರೆ ಪೂಜೆ ಬಿಡು ಎಂದರು. ಅದೂ ಆಗುವುದಿಲ್ಲವಂತೆ. ಕೊನೆಗೆ ಸೋತ ದನಿಯಲ್ಲಿ, ಕೈಯಲ್ಲಾದರೂ ಮುಟ್ಟವ್ವಾ, ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ ಎಂದರು. ಎರಡನೆಯ ಪಂದ್ಯದಲ್ಲಿ ಆಕೆ ಪ್ರತಿ ಸಲ ಬಗ್ಗಿ, ಹಲಗೆ ಮುಟ್ಟಿ, ಕಣ್ಣಿಗೊತ್ತಿಕೊಂಡಳು. ಜನ ನಕ್ಕರು, ಆದರೆ ಗೆದ್ದವರು ನಾವು.

ಮೂರನೆಯ ಪಂದ್ಯದ ಆ ಹೊಡೆತಗಳನ್ನು ನೆನೆದರೆ ಈಗಲೂ ನನಗೆ ಎದೆಯುಬ್ಬುತ್ತದೆ. ಮೊದಲನೆಯದು ರಸ್ತೆಯಲ್ಲಿ ನಿಂತಿದ್ದ ಟಂಟಂ ಗಾಡಿಯ ಮೇಲೆ ಬಿತ್ತು. ಎರಡನೆಯದು ಆಚೆಯ ಬೇವಿನ ಮರದೊಳಗೆ ಹೊಕ್ಕು ಕಾಗೆಗಳನ್ನೆಲ್ಲ ಎಬ್ಬಿಸಿತು. ಮೂರನೆಯದನ್ನು ಯಾರೂ ಹುಡುಕಲೂ ಹೋಗಲಿಲ್ಲ. ಉಳಿದ ನಾವು ಕಡಿದು ಕಟ್ಟೆ ಹಾಕಿದ್ದು ಅಷ್ಟರಲ್ಲೇ ಇತ್ತು. ಹಾಗಾಗಿ ಕೊನೆಯ ಸರದಿಯಲ್ಲೂ ಒಂದು ರನ್ ಹಿಂದೆಯೇ ಇದ್ದೆವು. ನಾನು ಮೊದಲ ಬೇಸಿನಲ್ಲಿದ್ದೆ, ಅಕ್ಕ ಬ್ಯಾಟು ಹಿಡಿದಳು.

ಈ ಸಲ ಚೆಂಡು ಬೇಲಿ ದಾಟಲಿಲ್ಲ, ಬೇಲಿಗೆ ಬಡಿದು ಮೂಲೆಗೆ ಉರುಳಿತು. ನಾನು ಎದ್ದುಬಿದ್ದು ಓಡಿ ಹೋಮ್ ಪ್ಲೇಟ್ ತುಳಿದೆ. ರನ್ ಸಮನಾಯಿತು. ತಿರುಗಿ ನೋಡಿದರೆ ಅಕ್ಕ ಮೂರನೇ ಬೇಸ್ ದಾಟಿ ಬರುತ್ತಿದ್ದಾಳೆ, ಚೆಂಡೂ ಬರುತ್ತಿದೆ. ಇನ್ನು ಬಗ್ಗಿ ಮುಟ್ಟುವಷ್ಟು ಹೊತ್ತೆಲ್ಲಿ? "ತುಳಿ, ಅಕ್ಕಾ" ಎಂದು ಕೂಗಿದೆ. ಅಕ್ಕ ತುಳಿಯಲಿಲ್ಲ. ಗುಡಿಯ ಮುಂದೆ ದೀಡ ನಮಸ್ಕಾರ ಹಾಕುವವರಂತೆ ಎರಡೂ ಕೈ ಮುಂದೆ ಚಾಚಿ ನೆಲಕ್ಕೆ ಉದ್ದಕ್ಕೆ ಬಿದ್ದಳು. ಎದೆಮಟ್ಟದಲ್ಲಿ ಚೆಂಡು ಹಿಡಿದು, ಅದನ್ನು ಅಕ್ಕನ ಮೈಗೆ ತಾಗಿಸಿ ಔಟ್ ಮಾಡಲು ಕಾಯುತ್ತಿದ್ದ ಕ್ಯಾಚರ್ ಹುಡುಗಿಯ ಕೈ ಆಕೆಯ ಬೆನ್ನಿನ ಮೇಲಿಂದ ಹಾದುಹೋಯಿತು.

ಎಲ್ಲ ಕಡೆ ಕೆಮ್ಮಣ್ಣಿನ ಧೂಳು. ಅಂಪೈರು ಕೈ ಎತ್ತದೆ ಬಗ್ಗಿ ನೋಡುತ್ತಿದ್ದರು. ಮುಟ್ಟಿಲ್ಲ, ಮುಟ್ಟಿಲ್ಲ ಎಂದು ಎದುರಾಳಿಗಳು ಗದ್ದಲ ಎಬ್ಬಿಸಿದರು. ಅಕ್ಕ ಮಲಗಿದಲ್ಲಿಂದಲೇ ಬಲಗೈ ಹೊರಳಿಸಿ ತೋರಿಸಿದಳು.

"ಮುಟ್ಟೀನಿ. ನೋಡ್ರಿ."

ಅಂಗೈ ತುಂಬ ಕುಂಕುಮ. ಔಟಲ್ಲ, ರನ್ ಆಯಿತು ಎಂದು ಅಂಪೈರು ಎರಡೂ ತೋಳು ಅಗಲಿಸಿದರು. ಅಕ್ಕ ಮೊದಲು ಆ ಕೈಯನ್ನು ಕಣ್ಣಿಗೊತ್ತಿಕೊಂಡಳು, ಆಮೇಲೆ ಎದ್ದಳು.

ಆ ಗೆಲುವಿನಿಂದಲೇ ನಾನು ರಾಜ್ಯ ಮಟ್ಟ ಕಂಡದ್ದು, ಇಂದು ಕಾರಟಗಿಯ ಸಾಲಿಯೊಂದರಲ್ಲಿ ಆಟದ ಟೀಚರ್ ಆದದ್ದು. ಅಕ್ಕ ಯಲಬುರ್ಗಾದ ಸೊಸೆಯಾಗಿ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಫೋನು ಮಾಡಿದರೆ ಮೊದಲು ಕೇಳುವುದು ನನ್ನ ಹುಡುಗಿಯರು ಎಷ್ಟು ದೂರ ಹೊಡೆಯುತ್ತಾರೆ ಎಂದೇ. ಅವರಿಗೆ ಎಲ್ಲವನ್ನೂ ಪುಸ್ತಕದಲ್ಲಿ ಇರುವಂತೆಯೇ ಕಲಿಸುತ್ತೇನೆ, ಓಡಿಬಂದು ತುಳಿಯಿರಿ ಎಂದೇ ಹೇಳುತ್ತೇನೆ. ತೋರಿಸಿಕೊಡಲು ನಾನು ಓಡಿದಾಗ ಮಾತ್ರ, ಹಲಗೆಯ ಹತ್ತಿರ ಬಂದರೆ ನನ್ನ ಕಾಲು ಏಳುವುದಿಲ್ಲ. ಕೈಯೇ ಮುಂದೆ ಹೋಗುತ್ತದೆ.