ಸಂಶಯ ಇಲ್ಲ ಸಾಬ್

ನನ್ನ ಮೈದುನ ಸುರ್ವೀರ್ ಸಿಂಗ್ ಗುಸಾಯಿಂ ಸೇನೆಯಿಂದ ನಿವೃತ್ತನಾಗಿ ಊರಿಗೆ ಬಂದ ದಿನ ನಾನು ಹುರುಳಿ ಸಾರಿಗೆ ಉಪ್ಪು ಹಾಕದೆ ಬಡಿಸಿದೆ. ಬೇಕೆಂದೇ ಮಾಡಿದ್ದು. ಅತ್ತಿಗೆ ಮೈದುನರ ನಡುವೆ ಅಷ್ಟು ಸಲಿಗೆಯೂ ಬೇಡವೇ? ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ರಾಗಿ ರೊಟ್ಟಿ ಅದ್ದಿ ಅದ್ದಿ ತಿಂದು, ತಟ್ಟೆ ಖಾಲಿ ಮಾಡಿದ.

"ಹೇಗಿದೆ?" ಅಂದೆ.

"ಚೆನ್ನಾಗಿದೆ ಅತ್ತಿಗೆ."

"ಏನೂ ಕಮ್ಮಿ ಇಲ್ವಾ?"

"ಏನಿಲ್ಲ."

ನನ್ನ ಗಂಡ ಒಂದು ತುತ್ತು ಬಾಯಿಗಿಟ್ಟವರು ಉಗುಳಿ, ಬಿದ್ದು ಬಿದ್ದು ನಕ್ಕರು. "ಲೋ, ನಾಳೆ ಇವಳು ಹೊಳೆ ಕಲ್ಲು ಬೇಯಿಸಿ ಹಾಕಿದ್ರೂ ಚೆನ್ನಾಗಿದೆ ಅಂತೀಯಲ್ಲೋ! ಫೌಜಲ್ಲಿ ನಾಲಿಗೆ ಇಸ್ಕೊಂಡು ಕಳಿಸಿದ್ರಾ?"

ಸುರ್ವೀರನೂ ನಕ್ಕ. "ಅಲ್ಲಿ ಕೊಟ್ಟಿದ್ದು ತಿನ್ಬೇಕು ಅಣ್ಣ. ಹಂಗೆ ಇಪ್ಪತ್ತು ವರ್ಷ ತಿಂದ್ರೆ ನಿಂಗೂ ಅಭ್ಯಾಸ ಆಗತ್ತೆ."

ನನ್ನ ಗಂಡನ ಹೆಸರು ಮಾತ್ಬರ್ ಸಿಂಗ್. ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ ನಮ್ಮ ಕಂಡೋಲಿ ಊರಿನ ಮುದುಕಿಯರು. ಹೋದವರ ಹೆಸರು ಹೇಳಿದರೆ ಇನ್ನು ಯಾರಿಗೆ ಏನು ಕೆಡುತ್ತದೆ? ನಮ್ಮ ಗುಡ್ಡದಲ್ಲಿ ಗಂಡುಮಗು ಹುಟ್ಟಿತೆಂದರೆ ಫೌಜಿಗೊಬ್ಬ ಸಿಕ್ಕ ಎಂದೇ ಲೆಕ್ಕ. ಇವರನ್ನು ಮಾತ್ರ ಫೌಜಿಗೆ ಆಳು ಆರಿಸುವ ಭರ್ತಿಯ ಮೈದಾನದಲ್ಲಿ ಎದೆಯ ಅಳತೆ ಸಾಲದೆಂದು ವಾಪಸ್ ಕಳಿಸಿದ್ದರು. ತಮ್ಮ ಹೋದ, ಅಣ್ಣ ಹೊಲದಲ್ಲಿ ಉಳಿದರು. ಆ ಹೊಲವನ್ನೂ ಕಾಡುಹಂದಿಗಳು ಉತ್ತು ಹಾಕಿದವು. "ನನ್ನ ಎದೆ ಒಂದು ಬೆರಳು ಅಗಲ ಇದ್ದಿದ್ರೆ ನೀನು ಇವತ್ತು ಸೂಬೇದಾರ್ ಹೆಂಡ್ತಿ" ಎಂದು ನನ್ನನ್ನು ರೇಗಿಸುತ್ತಿದ್ದರು. "ಬಿಡಿ, ಇರೋ ಎದೇಲೇ ಇಷ್ಟು ಜಂಬ" ಎಂದು ನಾನೂ ಬಿಡುತ್ತಿರಲಿಲ್ಲ.

ಸುರ್ವೀರ ಇದ್ದದ್ದು ಎಂಜಿನಿಯರ್ ರೆಜಿಮೆಂಟಿನಲ್ಲಿ. ಬಂದೂಕಿಗಿಂತ ಸ್ಪ್ಯಾನರ್ ಹಿಡಿದದ್ದೇ ಹೆಚ್ಚು. ಲದ್ದಾಖಿನಲ್ಲಿ ರಸ್ತೆ, ಅರುಣಾಚಲದಲ್ಲಿ ಕಬ್ಬಿಣದ ಸೇತುವೆ. ಅವನ ಹೆಂಡತಿ ತೀರಿಕೊಂಡಾಗಲೂ ಅವನು ಯಾವುದೋ ಹಿಮದ ನಡುವೆ ಸೇತುವೆ ಜೋಡಿಸುತ್ತಿದ್ದ, ಬರುವಷ್ಟರಲ್ಲಿ ಬೂದಿಯೂ ತಣ್ಣಗಾಗಿತ್ತು. ಮಕ್ಕಳಿಲ್ಲ. ಹೀಗಾಗಿ ನಿವೃತ್ತಿಯಾದ ಮೇಲೆ ಊಟ ನಮ್ಮ ಮನೆಯಲ್ಲೇ.

ಕೆಲಸ ಹುಡುಕಿಕೊಂಡು ಡೆಹ್ರಾಡೂನಿಗೆ ಹೋದ. ಹೋದಲ್ಲೆಲ್ಲ ಡಿಪ್ಲೊಮಾ ಕೇಳಿದರು. ಸೇನೆ ಕೊಟ್ಟ ಸರ್ಟಿಫಿಕೇಟು ತೋರಿಸಿದರೆ, ಒಳ್ಳೆಯದು, ಗಾರ್ಡ್ ಕೆಲಸ ಇದೆ ಅಂದರು. ಒಂದು ಚಳಿಗಾಲವಿಡೀ ಯಾವುದೋ ಎಟಿಎಂ ಮುಂದೆ ಸ್ಟೂಲಿನ ಮೇಲೆ ಕೂತು ಬಂದ. ಆನೆಯಂಥ ಲಾರಿಗಳನ್ನು ನದಿ ದಾಟಿಸಿದವನು ಗಾಜಿನ ಬಾಗಿಲು ತೆಗೆದು ಹಾಕಿ ಮಾಡುತ್ತಿದ್ದ. ಊರಿಗೆ ಬಂದ ಮೇಲೆ ಅಂಗಳದ ಮೂಲೆಯಲ್ಲಿ ಕೂತೇ ಇರುತ್ತಿದ್ದ. ಅವನು ಹಾಗೆ ಕೂರುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ಆಮೇಲೆ ನೈಥಾನಿ ಎಂಬ ಗುತ್ತಿಗೆದಾರ ಕರೆದ. ಕೆಳಗಿನ ಕಣಿವೆಯಲ್ಲಿ ಹೊಳೆಗೆ ಕಾಂಕ್ರೀಟ್ ಸೇತುವೆ ಕಟ್ಟುವ ಕೆಲಸ, ಇವನು ಸೂಪರ್‌ವೈಸರ್. ನೈಥಾನಿ ನಮ್ಮ ಅಂಗಳದಲ್ಲೇ ಕೂತು ಚಹಾ ಕುಡಿಯುತ್ತಾ ಹೇಳಿದ: "ನಂಗೆ ಫೌಜಿನೇ ಬೇಕು ಕಣಮ್ಮ. ಸಿಮೆಂಟ್ ಕದಿಯಲ್ಲ, ಕುಡಿದು ಬೀಳಲ್ಲ, ಎದುರು ಮಾತಾಡಲ್ಲ." ಅದನ್ನು ಹೊಗಳಿಕೆ ಎಂದುಕೊಂಡು ನಾವೆಲ್ಲ ಹಿಗ್ಗಿದೆವು.

ಸುರ್ವೀರ ತನ್ನ ಜೊತೆಗೆ ಅಣ್ಣನನ್ನೂ ಕರೆದ. ಇವರಿಗೆ ಖುಷಿಯೋ ಖುಷಿ, ಕೊನೆಗೂ ಭರ್ತಿಯಾಯಿತಲ್ಲ ಎಂದು. ನನಗೆ ಮಾತ್ರ ಹೆದರಿಕೆ. ಹೊಳೆ ಕೆಲಸ, ಮಳೆಗಾಲ ದೂರವಿರಲಿಲ್ಲ. ಹೊರಡುವ ದಿನ ದಾರಿಗೆಂದು ಅಕ್ಕಿ ಬೆಲ್ಲದ ಅರ್ಸಾ ಕರಿದು ಕಟ್ಟಿಕೊಟ್ಟು, ಮೈದುನನನ್ನು ಬಾಗಿಲಲ್ಲೇ ತಡೆದೆ.

"ನೋಡು ಸುರ್ವೀರ, ಕರ್ಕೊಂಡು ಹೋಗ್ತಿರೋನು ನೀನು. ಕರ್ಕೊಂಡೇ ಬರ್ಬೇಕು. ಅವ್ರಿಗೆ ಹೊಲ ಬಿಟ್ರೆ ಬೇರೆ ಗೊತ್ತಿಲ್ಲ."

"ನನ್ನ ಕಣ್ಣೆದುರೇ ಇಟ್ಕೋತೀನಿ ಅತ್ತಿಗೆ."

"ಏನೇ ಹೆಚ್ಚುಕಮ್ಮಿ ಕಂಡ್ರೂ ಬಾಯಿಬಿಟ್ಟು ಹೇಳು. ಉಪ್ಪಿಲ್ದೆ ತಿಂದಂಗೆ ತಿಂದ್ಕೊಂಡು ಕೂರ್ಬೇಡ."

ಹಿಮ್ಮಡಿ ಜೋಡಿಸಿ ನಿಂತು "ಆಯ್ತು ಅತ್ತಿಗೆ" ಅಂದ.

ಸೇನೆಯ ಒಂದು ಮಾತನ್ನು ಇಲ್ಲಿ ಹೇಳಬೇಕು. ಸಾಹೇಬರು ಕೆಲಸ ವಿವರಿಸಿ ಮುಗಿಸಿದ ಮೇಲೆ "ಕೋಯಿ ಶಕ್?" ಎಂದು ಕೇಳುತ್ತಾರೆ. ಯಾರಿಗಾದರೂ ಸಂಶಯವಿದೆಯಾ ಎಂದು. ಆದರೆ ಅದು ಪ್ರಶ್ನೆಯಲ್ಲ. ಮಾತು ಮುಗಿಯಿತು, ಎದ್ದು ಹೊರಡಿ ಎಂದು ಅದರ ಅರ್ಥ. "ಸಂಶಯ ಇಲ್ಲ ಸಾಬ್!" ಎಂದು ಎಲ್ಲರೂ ಒಂದೇ ಗಂಟಲಲ್ಲಿ ಕೂಗುತ್ತಾರೆ. ನಮ್ಮ ಊರಿನ ಮಕ್ಕಳೂ ಆಟದಲ್ಲಿ ಹಾಗೆ ಕೂಗುತ್ತವೆ. ಸಂಶಯ ಇದೆ ಎಂದು ಒಬ್ಬನಾದರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇವರು ಅಲ್ಲಿಂದ ಫೋನ್ ಮಾಡಿದಾಗಲೆಲ್ಲ ತಮ್ಮನ ಗುಣಗಾನವೇ. "ಎಲ್ರೂ ಅವನನ್ನ ಗುಸಾಯಿಂಜಿ ಅಂತಾರೆ ಕಣೇ. ಡಿಮ್ರಿ ಅಂತ ಎಂಜಿನಿಯರು ಒಬ್ಬ, ಒಳ್ಳೇ ಹುಡುಗ, ಇವನನ್ನ ಕೇಳ್ದೆ ಒಂದು ಮೊಳೆ ಹೊಡೆಯಲ್ಲ." ಕೊನೆಯ ಸಲ ಮಾಡಿದಾಗ ಮರುದಿನ ಸೇತುವೆಯ ಮೇಲ್ಹಾಸಿನ ಕಾಂಕ್ರೀಟ್ ಸುರಿಯುತ್ತಾರೆ ಅಂದರು. ಮೇಲಿನ ಕಣಿವೆಯಲ್ಲಿ ಮಳೆ ಬಿದ್ದು ಹೊಳೆ ಕೆಂಪಾಗಿದೆಯೆಂದೂ ಅಂದರು.

"ಸುರ್ವೀರ ಏನಂತಾನೆ?" ಅಂದೆ.

"ಅವನೇನಂತಾನೆ? ನಾಳೆ ನಂಗೆ ದೊಡ್ಡ ಡ್ಯೂಟಿ ಕೊಟ್ಟಿದಾನೆ. ನೀನು ಸೂಬೇದಾರ್ ಹೆಂಡ್ತಿ ಆದೆ ಅಂತ್ಲೇ ತಿಳ್ಕೋ."

ಮರುದಿನ ಮಧ್ಯಾಹ್ನ ಹಾಸಿನ ಭಾರ ಹೊತ್ತಿದ್ದ ಸೆಂಟ್ರಿಂಗ್ ಕುಸಿದು, ಹಸಿ ಕಾಂಕ್ರೀಟಿನ ಸಮೇತ ಹಾಸು ಹೊಳೆಗೆ ಬಿತ್ತು. ಕೆಳಗೆ ಇದ್ದದ್ದು ಇವರೊಬ್ಬರೇ. ಮನೆಗೆ ತಂದಾಗ ಮುಖ ನೋಡಲು ಬಿಡಲಿಲ್ಲ, ಕೈ ಮಾತ್ರ ನೋಡಿದೆ. ಉಗುರುಗಳ ಸಂದಿಯಲ್ಲಿ ಸಿಮೆಂಟು ಗಟ್ಟಿಯಾಗಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ.

ಹೊಳೆ ಉಕ್ಕಿತು, ದೈವದ ಆಟ ಎಂದು ನೈಥಾನಿ ಕೈತೊಳೆದುಕೊಂಡ. ನಾನೂ ಹೊಳೆಯನ್ನೇ ಬೈಯುತ್ತಿದ್ದೆ. ಸುರ್ವೀರ ತಲೆ ಬೋಳಿಸಿಕೊಂಡು ಎಲ್ಲ ಕರ್ಮವನ್ನೂ ತಾನೇ ಮಾಡಿದ.

ಹದಿಮೂರನೆಯ ದಿನ ಎಂಜಿನಿಯರ್ ಡಿಮ್ರಿ ಬಂದ. ತೀರಾ ಚಿಕ್ಕ ವಯಸ್ಸು. ನನ್ನ ಕಾಲು ಮುಟ್ಟಲು ಬಗ್ಗಿದವನು ಅಲ್ಲೇ ಕುಕ್ಕರಿಸಿ ಅತ್ತ. ಆಮೇಲೆ ಸುರ್ವೀರನ ಕಡೆ ತಿರುಗಿ ಕೇಳಿದ:

"ಗುಸಾಯಿಂಜಿ, ನಾನು ಕೇಳಿದ್ನಲ್ಲ? ಕಾಂಕ್ರೀಟ್ ಹಾಕೋಕೆ ಮುಂಚೆ ನಿಮ್ಮನ್ನ ಪಕ್ಕಕ್ಕೆ ಕರ್ದು ಕೇಳಿದ್ನಲ್ಲ, ಏನಾದ್ರೂ ಸಂಶಯ ಇದ್ಯಾ ಅಂತ? ಇದೆ ಅಂದಿದ್ರೆ ಅವತ್ತು ನಿಲ್ಲಿಸ್ತಿದ್ದೆ. ನಮ್ಮಪ್ಪನಾಣೆ ನಿಲ್ಲಿಸ್ತಿದ್ದೆ."

ಸುರ್ವೀರ ಎದ್ದು ನಿಂತ. ಕೈಗಳು ತಾವಾಗಿಯೇ ತೊಡೆಗೆ ಅಂಟಿಕೊಂಡವು. ಅಂಗಳದಲ್ಲಿ ಊಟಕ್ಕೆ ಕೂತಿದ್ದ ನೆಂಟರೆಲ್ಲ ಅವನನ್ನೇ ನೋಡಿದರು.

"ಏನಂದೆ ನೀನು?" ನಾನು ಕೇಳಿದೆ.

"ಸಂಶಯ ಇಲ್ಲ ಸಾಬ್ ಅಂದೆ."

"ಇತ್ತಾ?"

"ಇತ್ತು ಅತ್ತಿಗೆ. ಸೆಂಟ್ರಿಂಗ್ ಹೊತ್ತ ಜಾಕಿಗಳ ಕೆಳಗೆ ಹಲಗೆ ಕೊಟ್ಟಿದ್ವು. ಹೊಳೆ ಬದೀಲಿ ಎರಡು ಹಲಗೆ ಹಿಂದಿನ ದಿನಾನೇ ಮಣ್ಣಲ್ಲಿ ಇಳಿದಂಗೆ ಕಾಣಿಸ್ತು. ನಂದು ಕಬ್ಬಿಣದ ಸೇತುವೆ ಕೆಲಸ, ಕಾಂಕ್ರೀಟು ಅಷ್ಟು ಗೊತ್ತಿಲ್ಲ, ಓದಿದೋರು ನೋಡಿರ್ತಾರೆ ಅಂದ್ಕೊಂಡೆ. ಸಾಬ್ ಕೇಳಿದ್ರು. ಬಾಯಿ ತಾನಾಗೇ ಹೇಳ್ಬಿಡ್ತು."

"ಸಂಶಯ ಇದ್ದೂ ನನ್ನ ಗಂಡನ್ನ ಯಾಕೋ ಅದರ ಕೆಳಗೆ ನಿಲ್ಲಿಸ್ದೆ?"

"ಸಂಶಯ ಇತ್ತು ಅಂತ್ಲೇ ನಿಲ್ಲಿಸ್ದೆ. ಜಾಕಿ ನೋಡ್ಕೊಳ್ಳೋಕೆ ನಂಬಿಕಸ್ಥ ಬೇಕಿತ್ತು. ಅಣ್ಣನ ಬಿಟ್ರೆ ನಂಗೆ ಅಲ್ಲಿ ಯಾರಿದ್ರು?"

ನಾನು ಕೈಯಲ್ಲಿದ್ದ ಸೌಟನ್ನು ಅವನ ಮುಖಕ್ಕೆ ಎಸೆದೆ. ಹುಬ್ಬು ಸೀಳಿ ರಕ್ತ ಬಂತು. ಒರೆಸಿಕೊಳ್ಳಲೂ ಇಲ್ಲ, ಹಾಗೇ ನಿಂತಿದ್ದ. ನೆಂಟರು ನನ್ನನ್ನು ಹಿಡಿದುಕೊಂಡರು. ಡಿಮ್ರಿ ಊಟ ಮಾಡದೆ ಹೊರಟುಹೋದ.

ಈಗ ಸುರ್ವೀರನಿಗೆ ಎಲ್ಲೂ ಕೆಲಸವಿಲ್ಲ, ಕೇಳಿಕೊಂಡು ಹೋಗುವುದೂ ಇಲ್ಲ. ಹಂದಿ ಅಗೆದ ನಮ್ಮ ಹೊಲಕ್ಕೆ ಕಲ್ಲಿನ ಗೋಡೆ ಕಟ್ಟುತ್ತಾನೆ. ಒಂದು ಕಲ್ಲು ಇಟ್ಟು, ಅಲುಗಾಡಿಸಿ ನೋಡಿ, ತೆಗೆದು, ಮತ್ತೆ ಇಡುತ್ತಾನೆ. ಹೀಗಾದರೆ ಗೋಡೆ ಮುಗಿಯುವುದು ಯಾವಾಗ? ಊರಿನವರು ಅವನನ್ನು ಮನೆಗೆ ಸೇರಿಸಬೇಡ ಅಂದರು. ಸೇರಿಸದೆ ಎಲ್ಲಿಗೆ ಅಟ್ಟಲಿ? ಮನೆಯಲ್ಲಿ ಇರುವುದು ನಾವಿಬ್ಬರೇ. ಎರಡು ಹೊತ್ತು ತಟ್ಟೆ ಇಡುತ್ತೇನೆ, ಮಾತಾಡುವುದಿಲ್ಲ. ಅವನ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯುವುದು ನನಗೆ ಬೇಕಾಗಿಯೂ ಇಲ್ಲ.

ಮೊನ್ನೆ ಹುರುಳಿ ಸಾರು ಮಾಡಿದ್ದೆ. ಮನಸ್ಸು ಎಲ್ಲೋ ಇತ್ತು. ಅವನು ಎರಡು ತುತ್ತು ತಿಂದು ರೊಟ್ಟಿ ತಟ್ಟೆಯಲ್ಲಿಟ್ಟ. ತಲೆ ಎತ್ತಲಿಲ್ಲ.

"ಅತ್ತಿಗೆ," ಅಂದ, "ಉಪ್ಪಿಲ್ಲ."

ನಾನು ರುಚಿ ನೋಡಿದೆ. ನಿಜವಾಗಿಯೂ ಇರಲಿಲ್ಲ. ಕೊನೆಗೂ ಬಾಯಿಬಿಟ್ಟಿದ್ದ. ಇಷ್ಟನ್ನು ಕಲಿಯಲು ಅವನಿಗೆ ನನ್ನ ಗಂಡನೇ ಬೇಕಾಯಿತು. ಉಪ್ಪಿನ ಡಬ್ಬಿ ನನ್ನ ಪಕ್ಕದಲ್ಲೇ ಇತ್ತು. ನಾನು ಅದನ್ನು ಅವನ ಕಡೆ ಸರಿಸಲಿಲ್ಲ.