ಬರ್ಫದ ಸೀಮೆಯ ಕಲ್ಲುಹೂವು

ಗಿರಿಜಕ್ಕ ಗುಡಗೇರಿಗೆ ಬಂದಳೆಂದರೆ ಮೊದಲು ಗೋಡೆಗಳನ್ನು ಮಾತಾಡಿಸುತ್ತಿದ್ದಳು. ಹನುಮಪ್ಪನ ಗುಡಿಯ ಹಿಂದಿನ ಕಲ್ಲಿಗೆ ಮೂಗು ಹಚ್ಚಿ, ಭೂತಗನ್ನಡಿ ಹಿಡಿದು ಅರ್ಧ ತಾಸು ನಿಂತುಬಿಡುವಳು. ಏನೋ ಹರಕೆ ಇರಬೇಕೆಂದು ಪರವೂರಿನವರು ಕೈಮುಗಿದು ಸರಿಯುತ್ತಿದ್ದರು. ಅವಳು ನೋಡುತ್ತಿದ್ದದ್ದು ಕಲ್ಲಿಗೆ ಅಂಟಿದ ಹಾವಸೆಯನ್ನು.

ನಮ್ಮ ಬಾಜೂ ಮನೆಯ ಗಂಗವ್ವ ಕಾಕುವಿನ ಒಬ್ಬಳೇ ಮಗಳು. ನಾನು ಊರ ಶಾಲೆಯಲ್ಲಿ ಟೀಚರ್ ಆದೆ, ಅವಳು ಉತ್ತರದ ಯಾವುದೋ ಪ್ರಯೋಗಾಲಯದಲ್ಲಿ ವಿಜ್ಞಾನಿಯಾದಳು. ಎಂಬತ್ತರ ದಶಕದ ಮೊದಲಿಗೆ ನಮ್ಮ ದೇಶದವರು ಹಡಗಿನಲ್ಲಿ ದಕ್ಷಿಣ ಧ್ರುವದ ಕಡೆ ಹೋಗಿಬಂದರಲ್ಲ, ಆಗಿನಿಂದ ಅವಳಿಗೆ ಅಲ್ಲಿಯ ಸಸ್ಯಗಳದೇ ಧ್ಯಾನ. ಗಿಡವೇ ಇಲ್ಲದ ಕಡೆ ಗಿಡದ ಅಭ್ಯಾಸ! ನನಗೆ ತಲೆಬುಡ ತಿಳಿಯಲಿಲ್ಲ.

"ಅಣ್ಣತಮ್ಮರು ಪಾಲಾದಾಂಗ ನೋಡಲೇ ವಿಮಲಾ," ಎಂದಳು. "ಹಿಂದಕ ಆ ಬರ್ಫದ ಸೀಮಿ, ನಮ್ಮ ಸೀಮಿ ಒಂದ ಹೊಲ. ಒಡದು ಪಾಲಾದ್ವು. ಒಬ್ಬಂವ ಥಂಡಿಗೆ ಹೋದ, ಒಬ್ಬಂವ ಬಿಸಲಿಗೆ ಬಂದ. ಈಗ ಮರಿಮಕ್ಕಳ ಮಾರಿ ನೋಡಿ ಮುತ್ತಜ್ಜ ಹ್ಯಾಂಗಿದ್ದ ಅಂತ ಹೇಳೂದು ನನ್ನ ಕೆಲಸ."

"ಪಾಲಿನ ಜಗಳ ಕೋರ್ಟಿನಾಗ ಮುಗಿಯೂದಿಲ್ಲ, ನಿನಗ ಮುಗೀತೈತೇನ?" ಎಂದೆ. ಬಿದ್ದು ಬಿದ್ದು ನಕ್ಕಳು.

ಅವಳಿಗೆ ಒಂದೇ ಆಸೆ: ಮುಂದಿನ ಹಡಗಿನಲ್ಲಿ ತಾನೂ ಹೋಗಬೇಕು. ಅದಕ್ಕೆ ದಿಲ್ಲಿಯಲ್ಲಿ ಆರಿಸುವವರೆದುರು ತನ್ನ ಕೆಲಸ ತೋರಿಸಬೇಕಿತ್ತು. ಮೊದಲು ಹೋದವರು ಅಲ್ಲಿಯ ಬಂಡೆಗಳಿಂದ ಕೆರೆದು ತಂದುಕೊಟ್ಟಿದ್ದ ಹಾವಸೆಯ ಒಂದು ಪೊಟ್ಟಣವೇ ಆಧಾರ. ದಿಲ್ಲಿಗೆ ಹೋಗುವ ಮುನ್ನ ಊರಿಗೆ ಬಂದಾಗ, ಯಾರ ಕೈಗೂ ಒಪ್ಪಿಸಲಾರದೆ ಅದನ್ನೂ ಜೊತೆಗೆ ತಂದಿದ್ದಳು. ನನಗೆ ಮುಟ್ಟಲೂ ಕೊಡಲಿಲ್ಲ. ಮರುದಿನ, ದಾರಿಯಲ್ಲಿ ತೇವ ತಗುಲಿದೆಯೆಂದು ಪಡಸಾಲೆಯಲ್ಲಿ ಕಾಗದದ ಮೇಲೆ ಹರವಿ ಜಳಕಕ್ಕೆ ಹೋದಳು.

ಅಂದೇ ಕಾಕುವಿನ ವರ್ಷದ ಮಸಾಲೆ ಖಾರ. ನಾನು ಅಂಗಳದಲ್ಲಿ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಪಡಸಾಲೆಯಲ್ಲಿ ಲವಂಗ, ದಾಲ್ಚಿನ್ನಿ, ಕೊಬ್ಬರಿ. ಕಲ್ಲುಹೂವಿಲ್ಲದೆ ನಮ್ಮ ಕಡೆ ಮಸಾಲೆ ಖಾರವಿಲ್ಲ. ಅದೂ ಬಂಡೆಯ ಮೇಲೆ ಬೆಳೆಯುವ ಒಣ ಚಕ್ಕೆಯೇ. ಕಾಗದದ ಮೇಲಿದ್ದದ್ದೂ ಹಾಗೆಯೇ, ಬೂದುಬಣ್ಣದ ಮುರುಟಿದ ಚೂರು.

"ನನ್ನ ಮಗಳು ಕಲ್ಲಹೂವು ತಂದಾಳ ನೋಡ," ಎಂದು ಕಾಕು ಹಿಗ್ಗಿನಿಂದ ಎಲ್ಲವನ್ನೂ ಬಾಚಿ, ಎಣ್ಣೆಯಲ್ಲಿ ಹುರಿದು ಒರಳಿಗೆ ಹಾಕಿ ಕುಟ್ಟಿದಳು.

ಗಿರಿಜಕ್ಕ ಬಂದು ಖಾಲಿ ಕಾಗದ ನೋಡಿದಳು. ಒರಳು ನೋಡಿದಳು. ಮುಖ ಬಿಳಿಚಿಕೊಂಡಿತು.

"ಯಾಕವಾ, ಅದು ಕಲ್ಲಹೂವು ಅಲ್ಲೇನ?" ಕಾಕು ಒನಕೆ ನಿಲ್ಲಿಸಿದಳು.

"ಕಲ್ಲಹೂವ ಬೇ ಯವ್ವಾ. ಖಾರಕ್ಕಂತನ ತಂದಿದ್ದೆ."

ನಾನು ತಬ್ಬಿಬ್ಬಾದೆ. ಮಧ್ಯಾಹ್ನ ಅದೇ ಖಾರಕ್ಕೆ ಎಣ್ಣೆ ಹಾಕಿಕೊಂಡು ರೊಟ್ಟಿ ತಿಂದಳು, "ಅಗದಿ ಚಲೋ ಆಗೇತಿ" ಅಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ಎಲ್ಲರ ಬಾಯಿಗೂ ಬಂದಿತ್ತು. ನಗಬೇಕೋ ಅಳಬೇಕೋ ತಿಳಿಯದೆ ನಾನೂ ಉಂಡೆ.

ಅವಳನ್ನು ದಿಲ್ಲಿಗೆ ಕಳಿಸಲು ಹೋದಾಗ ಸ್ಟೇಷನ್ನಿನಲ್ಲಿ ನನಗೆ ತಡೆಯಲಾಗಲಿಲ್ಲ. "ಖರೇ ಹೇಳು, ಅದ ಪೊಟ್ಟಣ ಹೌದಿಲ್ಲೋ?"

"ಹೌದು." ಅವಳ ಕಣ್ಣು ತುಂಬಿದ್ದವು. "ಅವ್ವಗ ಹೇಳಬ್ಯಾಡ. ಗೊತ್ತಾತಂದ್ರ ಸಾಯೂಮಟಾ ಒನಕಿ ಮುಟ್ಟಾಂಗಿಲ್ಲ ಅಕಿ."

ಗಾಡಿ ಬಂತು, ಹತ್ತಿದಳು. ಅವಳ ಮೇಲೆ ನನಗೆ ಸಿಟ್ಟು ಬಂದಿತ್ತು, ಯಾಕೆಂದು ಇವತ್ತಿಗೂ ಹೇಳಲಾರೆ.

ಹಡಗು ಅವಳಿಲ್ಲದೆ ಹೋಯಿತು. ಮುಂದಿನ ಬೇಸಿಗೆಗೆ ಅವಳು ಊರಿಗೆ ಬರಲಿಲ್ಲ. ಕಾಕು ಒಂದು ಸಂಜೆ ನಮ್ಮ ಕಟ್ಟೆಗೆ ಬಂದು ಕೂತಳು.

"ಅಕಿನ್ನ ಯಾಕ ಆರಸಲಿಲ್ಲಂತ? ನಿನ್ನ ಮುಂದ ಏನರ ಹೇಳ್ಯಾಳೇನ?"

"ಇಲ್ರಿ ಕಾಕು."

ಕಾಕು ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು: "ಅಕಿ ಮಾಡಿದ ಕೆಲಸಾ ಒಮ್ಮಿ ಕಣ್ಣಾರ ನೋಡಿದ್ರ ಅಕಿನ್ನ ಬಿಟ್ಟು ಹೋಗ್ತಿದ್ರೇನವಾ ಅವರು?"